ಯಜಮಾನ ಮೊಟ್ಟೆ ಇಟ್ಟ ಹೆಂಚು

ನಾನು ಒಂದು ಹೆಂಚು. ದೋಸೆ ಹುಯ್ಯುವ ಹೆಂಚಲ್ಲ, ಮನೆಯ ಮಾಡಿಗೆ ಹೊದಿಸುವ ಹೆಂಚು, ಅದರಲ್ಲೂ ಮಂಗಳೂರಿನದು. ಈ ಮಾತನ್ನು ಸ್ವಲ್ಪ ಎದೆಯುಬ್ಬಿಸಿ ಹೇಳುತ್ತೇನೆ, ಕ್ಷಮಿಸಬೇಕು. ಈಗ ನಾನಿರುವುದು ಮಾತ್ರ ಮಾಡಿನ ಮೇಲಲ್ಲ. ಒಂದು ಮನೆಯ ಹಾಲಿನಲ್ಲಿ, ಗಾಜಿನ ತೊಟ್ಟಿಯೊಳಗೆ, ಉಪ್ಪುನೀರಿನ ತಳದಲ್ಲಿ ಬಿಳಿ ಮರಳಿನ ಮೇಲೆ ಕವುಚಿ ಮಲಗಿದ್ದೇನೆ. ಹೊಗೆ ಕುಡಿದು, ಬಿಸಿಲು ಕಾದು, ಮಳೆ ಹೊಡೆಸಿಕೊಂಡು ಬದುಕಬೇಕಾದ ಹೆಂಚು ನೀರೊಳಗೆ ಹೇಗೆ ಬಂತು ಎಂದು ನೀವು ಕೇಳಿಯೇ ಕೇಳುತ್ತೀರಿ. ಅದನ್ನೇ ಹೇಳಲು ಹೊರಟಿದ್ದೇನೆ.

ನನ್ನ ಮಣ್ಣು ಗುರುಪುರ ಹೊಳೆಯ ದಂಡೆಯದು. ದೋಣಿಯಲ್ಲಿ ಕಾರ್ಖಾನೆಗೆ ಬಂದೆ. ಅಲ್ಲಿ ನನ್ನನ್ನು ಅರೆದರು, ಹದ ಮಾಡಿದರು, ಅಚ್ಚಿನಲ್ಲಿ ಒತ್ತಿದರು. ನನ್ನ ಜೊತೆಯವರೆಲ್ಲ ಚಪ್ಪಟೆಯಾಗಿ ಹೊರಬಂದರೆ ನಾನು ಕಮಾನಿನಂತೆ ಬಾಗಿ ಬಂದೆ. ಮಾಡಿನ ಎರಡು ಇಳಿಜಾರು ಸೇರುವಲ್ಲಿ, ನೆತ್ತಿಯ ಮೇಲೆ ಕವುಚಿ ಕೂರುವ ಜಾತಿ ನನ್ನದು. ಒಬ್ಬ ಹೆಂಗಸು ಒದ್ದೆ ಬಟ್ಟೆಯಿಂದ ನನ್ನ ಅಂಚು ಸವರಿ ನೆರಳಿನಲ್ಲಿ ಒಣಗಲು ಇಟ್ಟಳು. ಅವಸರ ಮಾಡಿ ಬಿಸಿಲಿಗೆ ಇಟ್ಟಿದ್ದರೆ ಅಂದೇ ಬಿರುಕು ಬಿಡುತ್ತಿದ್ದೆ. ಅವಳ ಹೆಸರು ನನಗೆ ಗೊತ್ತಿಲ್ಲ, ಆದರೆ ನನ್ನ ಮೊದಲ ನಮಸ್ಕಾರ ಅವಳಿಗೇ. ಆಮೇಲೆ ಭಟ್ಟಿಯ ಬೆಂಕಿ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂದವರಿಗೆ ಮಾತ್ರ ಗೊತ್ತು.

ಅಲ್ಲಿಂದ ಬಂದರಿನ ಒಂದು ಬಲೆ ಅಂಗಡಿಯ ನೆತ್ತಿ ಏರಿದೆ. ಬೋಟಿನವರಿಗೆ ಬಲೆ, ಹಗ್ಗ, ಬೆಂಡು ಮಾರುವ ಅಂಗಡಿ ಅದು. ಕೆಳಗೆ ಎಷ್ಟೋ ಹೆಂಚುಗಳಿದ್ದರೂ ಎಲ್ಲರ ತಲೆಯ ಮೇಲೆ ಕೂತವನು ನಾನು ಎಂಬ ಸೊಕ್ಕು ನನಗೆ ಚೆನ್ನಾಗಿಯೇ ಇತ್ತು. ಕಾಗೆಗಳು ಆ ಸೊಕ್ಕನ್ನು ಪ್ರತಿದಿನ ಬಿಳಿ ಮಾಡಿ ಹೋಗುತ್ತಿದ್ದವು. ಅಂಗಡಿ ತಂದೆಯ ಕೈಯಿಂದ ಮಗ ಯಾದವ ಕರ್ಕೇರರ ಕೈಗೆ ಬಂತು. ಬೋಟಿನವರೆಲ್ಲ ಯಾದವಣ್ಣ ಎನ್ನುತ್ತಿದ್ದರು, ನಾನೂ ಹಾಗೆಯೇ ಹೇಳುತ್ತೇನೆ. ಯಾದವಣ್ಣ ಮಾಡು ತೆಗೆದು ತಗಡಿನ ಶೀಟು ಹಾಕಿಸಿದರು. ಇಳಿಸುವಾಗ ಕೈಜಾರಿ ನನ್ನ ಒಂದು ಮೂಲೆ ಒಡೆಯಿತು. ಹಳೆ ಹೆಂಚು ಕೊಳ್ಳಲು ಬಂದವನು ಜೊತೆಯವರನ್ನೆಲ್ಲ ಲಾರಿಗೆ ತುಂಬಿಸಿ ನನ್ನನ್ನು ಕಾಲಿನಿಂದ ಬದಿಗೆ ಸರಿಸಿದ. ಮರ್ಯಾದೆ ಹೋಗುವುದು ಎಂದರೇನು ಎಂದು ಅಂದು ತಿಳಿಯಿತು.

ಯಾದವಣ್ಣನಿಗೆ ಊಟ ತಂದಿದ್ದ ಅವರ ಹೆಂಡತಿ ಜಲಜಾಕ್ಷಿ ನನ್ನನ್ನು ನೋಡಿದರು. ಎತ್ತಿ, ಧೂಳು ಕೊಡವಿ, ಕಮಾನಿನೊಳಗೆ ಕೈ ಹಾಕಿ ತೋರಿಸಿ, ಮೀನಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಾ ಎಂದು ಕೇಳಿದರು. ಜಲಜಕ್ಕ ಮನೆಯ ಹಾಲಿನಲ್ಲಿ ಮೆಷಿನ್ ಇಟ್ಟು ರವಿಕೆ ಹೊಲಿಯುತ್ತಿದ್ದರು. ದಿನವಿಡೀ ಬಟ್ಟೆ ನೋಡಿ ದಣಿದ ಕಣ್ಣಿಗೆ ಬೇರೇನಾದರೂ ಬೇಕೆಂದು ಮೆಷಿನಿನ ಎದುರಿಗೇ ಕಡಲಮೀನಿನ ತೊಟ್ಟಿ ಮಾಡಿಸಿದ್ದರು. ಮೀನುಗಾರರ ಮನೆಯಲ್ಲಿ ಇದೊಂದು ದೊಡ್ಡ ತಮಾಷೆಯಾಯಿತು. ಯಾದವಣ್ಣನ ಅಕ್ಕ ಕುಸುಮಕ್ಕ ಹೆಜಮಾಡಿಯಿಂದ ಬಂದವರು ಸೊಂಟಕ್ಕೆ ಕೈ ಕೊಟ್ಟು ನಿಂತು, "ಮೀನನ್ನು ಸಾರು ಮಾಡುದು ಬಿಟ್ಟು ಟಿ.ವಿ. ನೋಡಿದ ಹಾಗೆ ನೋಡುದೆಂತ?" ಎಂದರು. ಜಲಜಕ್ಕ ನಕ್ಕು ಚಹಾ ಕೊಟ್ಟರು.

ನನ್ನನ್ನು ಬಹಳ ದಿನ ಸಿಹಿನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ, ಸೋಪು ತಾಗಿಸದೆ ತಿಕ್ಕಿ ತೊಟ್ಟಿಗೆ ಇಳಿಸಿದರು. ಅಂಗಡಿಗೆ ಬರುವ ಆಳಸಮುದ್ರದ ಬೋಟಿನವರು ಕ್ಯಾನಿನಲ್ಲಿ ನೀರು ತಂದುಕೊಡುತ್ತಿದ್ದರು. ದಡದ ನೀರಿನಲ್ಲಿ ಹೊಳೆಯೂ ಕೊಳೆಯೂ ಬೆರೆತಿರುತ್ತದೆ, ದೂರದ ನೀರು ಶುದ್ಧ. ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯುವಂತಿಲ್ಲವಲ್ಲ, ಆ ದಿನಗಳಿಗೆಂದು ಜಲಜಕ್ಕ ಮೇ ತಿಂಗಳಲ್ಲೇ ಕ್ಯಾನುಗಳನ್ನು ತುಂಬಿಸಿ ಮೆಟ್ಟಿಲಿನಡಿ ಸಾಲಾಗಿ ಇಡುತ್ತಿದ್ದರು. ಉಪ್ಪಿನಕಾಯಿ ಹಾಕಿಡುವವರಷ್ಟೇ ನಿಷ್ಠೆ.

ಇನ್ನು ಮೀನಿನ ವಿಷಯ. ಕಿತ್ತಳೆ ಮೈಗೆ ಬಿಳಿ ಪಟ್ಟಿ ಸುತ್ತಿಕೊಂಡ ಕ್ಲೌನ್ ಮೀನುಗಳು. ಮಾರುವ ರೊನಾಲ್ಡ್ ಅವರು, ಒಂದು ಸ್ವಲ್ಪ ದೊಡ್ಡದು, ಒಂದು ಚಿಕ್ಕದು, ಎರಡೇ ಸಾಕು ಎಂದಿದ್ದರಂತೆ. ಎರಡೇ ಆದರೆ ಒಂದರ ಮುಖ ಒಂದು ನೋಡಿ ಬೇಜಾರಾಗುತ್ತದೆ ಎಂದು ಜಲಜಕ್ಕ ನಾಲ್ಕು ತಂದರು. ಮೊದಲು ನಾಲ್ಕೂ ಒಂದೇ ಗುಂಪಾಗಿ ನನ್ನ ಕಮಾನಿನೊಳಗೆ ಮೈಗೆ ಮೈ ತಾಗಿಸಿ ಮಲಗಿದವು. ಮಾಡಿನ ಮೇಲಿದ್ದಾಗ ನನ್ನ ಅಡಿಯಲ್ಲಿ ಜನ ಇದ್ದರು, ಆದರೆ ಯಾರೂ ನನ್ನನ್ನು ತಾಗಿಕೊಂಡು ಮಲಗಿದ್ದಿಲ್ಲ. ಸುಳ್ಳೇಕೆ, ನನಗೆ ಬಹಳ ಹಿತವಾಯಿತು.

ಆ ಹಿತ ಹೆಚ್ಚು ಕಾಲ ಉಳಿಯಲಿಲ್ಲ. ಮೀನುಗಳು ಬೆಳೆದಂತೆ ಮನೆಯಲ್ಲಿ ದೊಡ್ಡವರು ಯಾರು ಎಂಬ ಪ್ರಶ್ನೆ ಎದ್ದಿತು. ಅವುಗಳಲ್ಲಿ ದೊಡ್ಡದು ಎರಡನೆಯದನ್ನು ಗದರಿಸಿತು, ಎರಡನೆಯದು ಮೂರನೆಯದನ್ನು ಓಡಿಸಿತು, ಎಲ್ಲ ಸೇರಿ ನಾಲ್ಕನೆಯದರ ರೆಕ್ಕೆ ಹರಿದವು. ಜಲಜಕ್ಕ ಮೆಷಿನಿನ ಹಿಂದಿನಿಂದ ಮಕ್ಕಳನ್ನು ಬೈದ ಹಾಗೆ ಬೈದರು. ಯಾರು ಕೇಳುತ್ತಾರೆ? ಒಂದು ದಿನ ಆ ನಾಲ್ಕನೆಯದು ತಡೆಯಲಾಗದೆ ನೀರಿನಿಂದ ಹೊರಗೇ ಹಾರಿತು. ಜಲಜಕ್ಕನ ಮಗಳು ಪ್ರೇಕ್ಷಾ ಶಾಲೆಯಿಂದ ಬಂದು ನೋಡುವಾಗ ಮೆಷಿನಿನ ಹಿಂದೆ ಒಣಗಿ ಬಿದ್ದಿತ್ತು. ಮೂರನೆಯದನ್ನು ಜಲಜಕ್ಕ ಅಂದೇ ರೊನಾಲ್ಡ್ ಅವರಿಗೆ ಮರಳಿ ಕೊಟ್ಟು ಬಂದರು. ಒಟ್ಟಿಗೆ ಇರಲಿ ಎಂದು ತಂದವರಿಗೇ ಹೀಗೆ ಬೇರೆ ಮಾಡುವ ಕೆಲಸ ಬಿತ್ತು. ಆ ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲ.

ಉಳಿದ ಎರಡರ ನಡುವೆ ಒಂದು ಒಪ್ಪಂದವಾಯಿತು. ದೊಡ್ಡದು ಎದುರು ಬಂದರೆ ಚಿಕ್ಕದು ಬದಿಗೆ ವಾಲಿ ಮೈಯೆಲ್ಲ ಗಡಗಡ ನಡುಗಿಸುತ್ತಿತ್ತು. ಹೆದರಿಕೆಯಲ್ಲ, ಅದೊಂದು ನಮಸ್ಕಾರ. ನಮಸ್ಕಾರ ಸಿಕ್ಕಿದ ಮೇಲೆ ದೊಡ್ಡದು ತನ್ನ ಪಾಡಿಗೆ ಹೋಗುತ್ತಿತ್ತು. ಜಲಜಕ್ಕ ದೊಡ್ಡದಕ್ಕೆ ಯಜಮಾನ ಎಂದೂ ಚಿಕ್ಕದಕ್ಕೆ ಪುಟ್ಟಿ ಎಂದೂ ಹೆಸರಿಟ್ಟರು. ಗಂಡ ದೊಡ್ಡದು, ಹೆಂಡತಿ ಚಿಕ್ಕದು ಎಂಬ ಲೆಕ್ಕ. ಮದುವೆಯ ಫೋಟೋಗಳಲ್ಲಿ ಹಾಗೆಯೇ ಇರುತ್ತದಲ್ಲ.

ಒಂದು ಬೆಳಗ್ಗೆ ಎರಡೂ ಸೇರಿ ನನ್ನ ಬೆನ್ನನ್ನು ಕಚ್ಚಿ ಕಚ್ಚಿ ಉಜ್ಜತೊಡಗಿದವು. ಪಾಚಿಯ ಒಂದು ಚೂರೂ ಬಿಡಲಿಲ್ಲ. ಮಧ್ಯಾಹ್ನ ಯಜಮಾನ ಹೊಟ್ಟೆಯನ್ನು ನನ್ನ ಮೈಗೆ ಒತ್ತಿ ನಿಧಾನವಾಗಿ ಚಲಿಸಿತು. ಅದು ಹೋದಲ್ಲೆಲ್ಲ ಕಿತ್ತಳೆ ಬಣ್ಣದ ಮೊಟ್ಟೆಗಳ ಸಾಲು. ಜಲಜಕ್ಕ ಕತ್ತರಿ ಕೆಳಗೆ ಹಾಕಿ ನಕ್ಕ ನಗು ನನಗೆ ಇನ್ನೂ ಕೇಳುತ್ತದೆ. ಇಷ್ಟು ದಿನ ಯಜಮಾನ ಎಂದು ಕರೆದದ್ದು ಹೆಂಗಸನ್ನೇ ಎಂದು ಅವರು ಗಂಡನಿಗೆ ಫೋನ್ ಮಾಡಿದರು. ಮನೆಗೆ ಬಂದ ಯಾದವಣ್ಣ ಚಪ್ಪಲಿ ಕಳಚುತ್ತಾ, "ಮನೆಯಲ್ಲಿ ಯಜಮಾನ ಯಾವಾಗಲೂ ಹೆಂಗಸೇ ಅಲ್ವಾ? ನಮ್ಮದರಲ್ಲಿ ಎಂತ ಬೇರೆ ಉಂಟು?" ಎಂದರು.

ಪುಟ್ಟಿ ಎಂಬ ಹೆಸರು ಹೊತ್ತ ಆ ಗಂಡುಮೀನು ಹಗಲೆಲ್ಲ ಮೊಟ್ಟೆಗಳಿಗೆ ರೆಕ್ಕೆಯಿಂದ ಗಾಳಿ ಹಾಕಿತು. ಆ ತೊಟ್ಟಿಯಲ್ಲಿ ಮರಿಗಳು ಉಳಿಯಲಿಲ್ಲ, ಅಷ್ಟು ಸಣ್ಣ ಜೀವಗಳಿಗೆ ಬೇರೆಯೇ ಆರೈಕೆ ಬೇಕಂತೆ. ಆದರೂ ಅವು ಮತ್ತೆ ಮತ್ತೆ ನನ್ನ ಬೆನ್ನು ಉಜ್ಜಿದವು, ಮತ್ತೆ ಮತ್ತೆ ಮೊಟ್ಟೆ ಇಟ್ಟವು. ಮೂಲೆ ಒಡೆದು ಬದಿಗೆ ಸರಿದ ಹೆಂಚಿನ ಮೇಲೆ ಒಂದು ಸಂಸಾರ ತನ್ನ ಆಸೆಯನ್ನೆಲ್ಲ ಇಡುತ್ತಿತ್ತು. ಆ ದಿನಗಳನ್ನು ಕೊಟ್ಟ ಜಲಜಕ್ಕನ ಋಣ ನನ್ನ ಮೇಲೆ ಬಹಳ ದೊಡ್ಡದು.

ಪ್ರೇಕ್ಷಾ ಆರನೆಯ ತರಗತಿಗೆ ಹೋದ ವರ್ಷ ಮೆಷಿನಿನ ಸದ್ದು ನಿಂತಿತು. ಮೇ ತಿಂಗಳು ಬಂತು, ಮೆಟ್ಟಿಲಿನಡಿಯ ಕ್ಯಾನುಗಳು ಖಾಲಿಯೇ ಇದ್ದವು. ಜಲಜಕ್ಕ ಆಸ್ಪತ್ರೆಯಲ್ಲಿದ್ದರು. ಜೋರು ಮಳೆ ಹಿಡಿದ ಹೊತ್ತಿನಲ್ಲಿ ಅವರು ಮನೆಗೆ ಬಂದದ್ದು ಎಲ್ಲರ ಕೊನೆಯ ನೋಟಕ್ಕಾಗಿ. ನೀರಿನೊಳಗಿಂದ ನಾನೂ ನೋಡಿದೆ. ಹೆಂಚಿಗೆ ಅಳಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ವಾದ ಮಾಡುವುದಿಲ್ಲ.

ಕೆಲವು ದಿನಗಳ ಮೇಲೆ ಯಾದವಣ್ಣನಿಗೆ ತೊಟ್ಟಿಯ ನೆನಪಾಯಿತು. ನೀರು ಕೆಟ್ಟಿತ್ತು. ಬೋಟುಗಳು ದಡದಲ್ಲಿ ಕಟ್ಟಿಬಿದ್ದಿದ್ದವು. ಅವರು ಕ್ಯಾನು ಹಿಡಿದು ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನ ಹತ್ತಿರ ಹೋಗಿ, ಎದುರಿಗೆ ಕಂಡ ಕಡಲನ್ನೇ ತುಂಬಿಸಿ ತಂದರು. ಕಡಲು ಎಂಬ ನಂಬಿಕೆ. ಆದರೆ ಆ ಮಳೆಯಲ್ಲಿ ಅಲ್ಲಿ ಇರುವುದು ಕಡಲಿನ ವೇಷ ಹಾಕಿದ ಹೊಳೆ. ಕಡಲ ಮಕ್ಕಳೇ ಮಾಡುವ ತಪ್ಪು ಇದು. ದೂರದ ಊರಿನವರಾದರೆ ಮೀನಿನ ತೊಟ್ಟಿಗೆಂದೇ ಮಾರುವ ಪ್ಯಾಕೆಟಿನ ಉಪ್ಪು ತಂದು ನೀರಿಗೆ ಅಳೆದು ಕಲಸುತ್ತಿದ್ದರು. ಉಪ್ಪಿಲ್ಲದ ಕೆಸರುನೀರು ಹೊಕ್ಕಾಗ ನನಗೆ ಹೊಳೆಯ ವಾಸನೆ ಬಂತು, ಮೀನುಗಳಿಗೆ ಉಸಿರು ಕಟ್ಟಿತು. ಪುಟ್ಟಿ ಹೇಗೋ ಉಳಿಯಿತು. ಯಜಮಾನ ಉಳಿಯಲಿಲ್ಲ. ಯಾದವಣ್ಣ ಅದನ್ನು ಅಂಗೈಯಲ್ಲಿ ಹಿಡಿದು, ಅವಳದ್ದು ಒಂದೇ ಒಂದು ಉಳಿದಿತ್ತು, ಅದನ್ನೂ ನಾನು ಕೊಂದೆ ಎಂದು ಅತ್ತರು. ಪ್ರೇಕ್ಷಾ, "ಪುಟ್ಟಿ ಉಂಟು ಪಪ್ಪ" ಎಂದಳು. ಅಂದಿನಿಂದ ಪುಟ್ಟಿಯನ್ನು ಉಳಿಸುವುದು ಆ ಮನೆಯ ವ್ರತವಾಯಿತು.

ಉಳಿಸಿಕೊಳ್ಳಬೇಕಾದದ್ದು ಇನ್ನೊಂದಿತ್ತು. ಪ್ರೇಕ್ಷಾ ಮಾಮಿ ಎಂದು ಕರೆಯುವ ಕುಸುಮಕ್ಕ ಆಗಾಗ ಬರುತ್ತಿದ್ದರು, ಒಣಮೀನು, ಹಪ್ಪಳ ತರುತ್ತಿದ್ದರು, ಬಂದ ಕೂಡಲೇ ಸೀರೆ ಎತ್ತಿಕಟ್ಟಿ ಮನೆಯೆಲ್ಲ ಗುಡಿಸುತ್ತಿದ್ದರು. ಕೆಟ್ಟವರೆಂದು ನಾನು ಎಂದೂ ಹೇಳುವುದಿಲ್ಲ. ಆದರೆ ಲೋಕದಲ್ಲಿ ಒಂಟಿಯಾಗಿರುವುದು ಯಾವುದು ಕಂಡರೂ ಅವರಿಗೆ ಕೈ ತುರಿಸುತ್ತಿತ್ತು. ಎಷ್ಟೋ ಮದುವೆ ಮಾಡಿಸಿದ ಕೈ ಅದು. ತಮ್ಮನಿಗೂ ಒಂದು ಸಂಬಂಧ ನೋಡಿದರು. ತಮ್ಮ ತಲೆಯಾಡಿಸಲಿಲ್ಲ. ಆಗ ಅವರು ತೊಟ್ಟಿಯ ಪಕ್ಕದ ಕುರ್ಚಿಯಲ್ಲಿ ಕೂತು ಗಟ್ಟಿಯಾಗಿಯೇ ಹೇಳಿದರು: "ಒಂದೋ ಇನ್ನೊಂದು ಮದುವೆ ಆಗು, ಇಲ್ಲದಿದ್ರೆ ಏಳನೆಯದು ಮುಗಿದ ಮೇಲೆ ಮಗುವನ್ನು ನನ್ನ ಮನೆಗೆ ಕಳಿಸು. ಬೆಳೆಯುವ ಹೆಣ್ಣುಮಗುವಿಗೆ ಅಮ್ಮ ಬೇಕು ಯಾದವ. ಅದು ನಿನ್ನಿಂದ ಆಗ್ಲಿಕ್ಕೆ ಉಂಟಾ?"

ಇನ್ನೊಂದು ಮದುವೆ ಬೇಡ ಎಂದರು ಯಾದವಣ್ಣ. ಹೈಸ್ಕೂಲು ಅಕ್ಕನ ಊರಾದ ಹೆಜಮಾಡಿಯಲ್ಲಿ ಎಂದು ತೀರ್ಮಾನವಾಯಿತು. ಪ್ರೇಕ್ಷಾ ತೊಟ್ಟಿಯ ಗಾಜಿಗೆ ಹಣೆ ಒತ್ತಿ ಕೂತಿದ್ದಳು, ಅವಳ ಉಸಿರಿನಿಂದ ಗಾಜು ಮಂಜಾಗಿತ್ತು.

ತಮ್ಮ ಒಪ್ಪದಿದ್ದರೇನು, ಮೀನು ಬೇಡ ಎನ್ನುತ್ತದೆಯೇ? ದೀಪಾವಳಿಗೆ ಬಂದ ಕುಸುಮಕ್ಕ ಪುಟ್ಟಿಗೆ ಹೆಣ್ಣು ತಂದರು. ಪುಟ್ಟಿಯ ತೀರಿಹೋದ ಹೆಂಡತಿ ಯಜಮಾನ ದೊಡ್ಡದಾಗಿತ್ತು, ಆದ್ದರಿಂದ ಅಂಗಡಿಯಲ್ಲಿ ಇದ್ದುದರಲ್ಲೇ ದೊಡ್ಡದನ್ನು, ಬಣ್ಣವಿರುವುದನ್ನು ಆರಿಸಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ನೀರಿಗೆ ಬಿಡುವಾಗ ಅರಸಿನ ಕುಂಕುಮ ಹಾಕಲು ಹೊರಟವರನ್ನು ಪ್ರೇಕ್ಷಾ ತಡೆದಳು, ಅಷ್ಟೇ ಪುಣ್ಯ.

ಕೆಳಗಿದ್ದ ನನಗೆ ಮಾತ್ರ ಮೊದಲೇ ಅನುಮಾನವಿತ್ತು. ಪುಟ್ಟಿ ಆ ತಿಂಗಳುಗಳಲ್ಲಿ ಬದಲಾಗಿತ್ತು. ಮೈ ತುಂಬಿತ್ತು, ನಡೆಯಲ್ಲಿ ಗತ್ತು ಬಂದಿತ್ತು, ನಡುಗುವ ಅಭ್ಯಾಸ ಬಿಟ್ಟುಹೋಗಿತ್ತು. ಮದುಮಗಳು ನಮಸ್ಕಾರಕ್ಕಾಗಿ ಎದುರು ನಿಂತಿತು, ಪುಟ್ಟಿಯೂ ನಮಸ್ಕಾರಕ್ಕಾಗಿ ಎದುರು ನಿಂತಿತು. ಯಾರೂ ಬಾಗಲಿಲ್ಲ. ಆಮೇಲೆ ನಡೆದದ್ದು ಜಗಳವಲ್ಲ, ಯುದ್ಧ. ಬಾಯಿಗೆ ಬಾಯಿ ಕಚ್ಚಿಕೊಂಡು ತಿರುಗಿದವು. ಹೊಸದರ ಮೈ ದೊಡ್ಡದು. ಬಾಲ ಹರಿದು, ಒಂದು ಕಣ್ಣು ಬಿಳುಚಿ, ಪುಟ್ಟಿ ನನ್ನ ಕಮಾನಿನೊಳಗೆ ಓಡಿಬಂತು. ಹೊಸದು ಬಾಗಿಲಲ್ಲೇ ಕಾದು ನಿಂತಿತು. ಅಷ್ಟು ವರ್ಷ ಮಾಡಿನ ಮೇಲೆ ಕೂತು ಮಳೆ ತಡೆದಿದ್ದೇನೆ. ಆದರೆ ಒಂದು ಜೀವಕ್ಕೆ ನಾನಲ್ಲದೆ ಬೇರೆ ಆಸರೆಯೇ ಇಲ್ಲ ಎಂಬುದು ಅಂದೇ ಮೊದಲು. ನನಗೆ ಕೈಯಿದ್ದಿದ್ದರೆ ಎರಡು ಬಾಗಿಲನ್ನೂ ಮುಚ್ಚುತ್ತಿದ್ದೆ.

ಪ್ರೇಕ್ಷಾ ರೊನಾಲ್ಡ್ ಅವರಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿತು. ತೊಟ್ಟಿಯಲ್ಲಿ ಹಳೆಯದೊಂದು ಇದೆ ಎಂದು ಅವರಿಗೆ ಯಾರೂ ಹೇಳಿರಲೇ ಇಲ್ಲ. ಅವರು ಬೇಗ ಬೇಗ ಹೇಳಿದರು: ಈ ಮೀನುಗಳಲ್ಲಿ ಹುಟ್ಟುವಾಗ ಹೆಣ್ಣೇ ಇಲ್ಲ, ಕೂಡಿ ಬಾಳುವವುಗಳಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಅದು ಸತ್ತರೆ ಅದರ ಜೊತೆಗಾರನೇ ಹೆಣ್ಣಾಗುತ್ತದೆ, ಮತ್ತೆ ಹಿಂದಕ್ಕೆ ಹೋಗುವುದಿಲ್ಲ. "ನಿಮ್ಮ ಪುಟ್ಟಿ ಈಗ ಅಪ್ಪ ಅಲ್ಲ ಮಗಾ, ಅಮ್ಮ ಆಗ್ತಾ ಉಂಟು. ಒಂದು ಮನೆಗೆ ಇಬ್ಬರು ಅಮ್ಮ ಆಗುದಿಲ್ಲ. ದೊಡ್ಡದನ್ನು ಈಗಲೇ ತೆಗೀರಿ."

ಯಾದವಣ್ಣ ಅಂಗಿಯ ತೋಳು ಮಡಚದೆ ಕೈ ಹಾಕಿ ಹೊಸದನ್ನು ಹಿಡಿದರು. ಅದನ್ನು ಮರಳಿ ಕೊಟ್ಟು, ಅಂಗಡಿಯಲ್ಲಿದ್ದುದರಲ್ಲೇ ಚಿಕ್ಕದೊಂದನ್ನು ತಂದರು. ಪುಟ್ಟಿ ಕಮಾನಿನಿಂದ ಹೊರಬರಲು ಬಹಳ ದಿನ ಹಿಡಿಯಿತು. ಅಷ್ಟೂ ದಿನ ಯಾದವಣ್ಣ ಚಿಮಟದಿಂದ ಸಿಗಡಿಯ ಚೂರನ್ನು ನನ್ನ ಬಾಗಿಲಿಗೇ ತಂದು ಹಿಡಿದರು. ಬಾಲ ಬೆಳೆಯಿತು, ಕಣ್ಣು ತಿಳಿಯಾಯಿತು. ಹೊಸ ಮರಿ ಎದುರು ಬಂದು ಗಡಗಡ ನಡುಗಿತು. ಪುಟ್ಟಿ ಅದನ್ನು ಒಮ್ಮೆ ನೋಡಿ ತನ್ನ ಪಾಡಿಗೆ ಹೋಯಿತು. ನನಗೆ ಉಸಿರು ಬಂದಂತಾಯಿತು.

ಆ ಮನೆಯಲ್ಲಿ ಬೇರೆ ಬದಲಾವಣೆಗಳೂ ಆಗುತ್ತಿದ್ದವು. ಮೊದಲು ಚಹಾ ಮಾಡಲೂ ಬಾರದ ಯಾದವಣ್ಣನ ಕೈಯಿಂದ ನೀರುದೋಸೆ ಹರಿಯದೆ ಏಳತೊಡಗಿತು. ಮೇ ತಿಂಗಳಲ್ಲಿ ಕ್ಯಾನುಗಳು ತುಂಬಿದವು. ಏಳನೆಯ ತರಗತಿಯ ಒಂದು ಸಂಜೆ ಪ್ರೇಕ್ಷಾ ಶಾಲೆಯಿಂದ ಬಂದು, ಬ್ಯಾಗನ್ನೂ ಇಳಿಸದೆ ತೊಟ್ಟಿಯ ಎದುರು ಕೂತು ಅತ್ತಳು. ಮಗಳು ದೊಡ್ಡವಳಾಗಿದ್ದಾಳೆ ಎಂದು ಯಾದವಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ಅರ್ಥವಾದ ಮೇಲೆ ಅಕ್ಕನಿಗೆ ಫೋನ್ ಮಾಡಲು ಹೋದವರು ನಡುವೆಯೇ ನಿಲ್ಲಿಸಿ ಫೋನು ಇಟ್ಟರು. ಪೇಟೆಗೆ ಹೋಗಿ ಬೇಕಾದದ್ದನ್ನು ತಂದರು. ಮಗಳ ಪಕ್ಕದಲ್ಲಿ ನೆಲದ ಮೇಲೆ ಕೂತು, "ನಿನ್ನ ಅಮ್ಮ ಇದ್ದಿದ್ರೆ ಚಂದ ಮಾಡಿ ಹೇಳ್ತಿದ್ಲು. ನನಗೆ ಹೇಳ್ಲಿಕ್ಕೆ ಸರಿ ಬರುದಿಲ್ಲ. ಗೊತ್ತಿದ್ದಷ್ಟು ಹೇಳ್ತೇನೆ, ಆಗ್ಬಹುದಾ?" ಎಂದರು. ಅವರಿಬ್ಬರೂ ಮೀನು ನೋಡುತ್ತಾ ಮಾತಾಡಿದರು, ಮುಖ ಮುಖ ನೋಡಿಕೊಳ್ಳಲಿಲ್ಲ. ಆಮೇಲೆ ಯಾದವಣ್ಣ, ತಮ್ಮ ತಾಯಿ ಅಕ್ಕನಿಗೆ ಮಾಡಿಕೊಟ್ಟದ್ದನ್ನು ನೆನಪಿಸಿಕೊಂಡು ಮೆಂತೆ ಗಂಜಿ ಮಾಡಿದರು. ಕಹಿಯಾಗಿತ್ತಂತೆ. ಪ್ರೇಕ್ಷಾ ಬಟ್ಟಲು ಖಾಲಿ ಮಾಡಿದಳು.

ಈಗ ನನಗೆ ವಯಸ್ಸಾಯಿತು. ಕೆಂಪು ಬಣ್ಣ ಕಾಣುವುದೇ ಇಲ್ಲ, ಮೈಯೆಲ್ಲ ನೇರಳೆ ಪಾಚಿ ಗಟ್ಟಿಯಾಗಿ ಹಿಡಿದಿದೆ. ನನ್ನ ಜೊತೆಯ ಹೆಂಚುಗಳು ಎಲ್ಲಿ ಪುಡಿಯಾದವೋ ಗೊತ್ತಿಲ್ಲ. ಮಣ್ಣಾಗಿ ಹೊಳೆಬದಿಯಲ್ಲಿದ್ದ ನನ್ನನ್ನು ಮನುಷ್ಯರು ಎಷ್ಟೊಂದು ಕಡೆ ಕರೆದುಕೊಂಡು ಹೋದರು, ಎಷ್ಟೊಂದು ತೋರಿಸಿದರು. ದೂರಲು ನನಗೆ ಏನೂ ಸಿಗುವುದಿಲ್ಲ. ಹೇಳಿ ಮುಗಿಸಬೇಕಾದ ಒಂದು ದಿನ ಮಾತ್ರ ಉಳಿದಿದೆ.

ಏಳನೆಯದರ ಪರೀಕ್ಷೆ ಮುಗಿದಿತ್ತು. ಕುಸುಮಕ್ಕ ಮಗುವನ್ನು ಕರೆದೊಯ್ಯಲು ಬಂದಿದ್ದರು. ಪ್ರೇಕ್ಷಾಳ ಬಟ್ಟೆ ತುಂಬಿದ ಬ್ಯಾಗು ಬಾಗಿಲ ಬಳಿ ಇತ್ತು. ಯಾದವಣ್ಣ ಮಗಳನ್ನು ಎದುರಿಗೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದರು. ಬಲೆ ಹೆಣೆದ ಬೆರಳುಗಳು, ಎಲ್ಲೂ ತಪ್ಪುತ್ತಿರಲಿಲ್ಲ. ಕುಸುಮಕ್ಕ ಆ ಕಡೆ ನೋಡಲಾಗದೆ ತೊಟ್ಟಿಯ ಕಡೆ ತಿರುಗಿದರು. ನನ್ನ ಬೆನ್ನ ಮೇಲೆ ಆ ಬೆಳಗ್ಗೆಯಷ್ಟೇ ಇಟ್ಟ ಮೊಟ್ಟೆಗಳಿದ್ದವು. ಚಿಕ್ಕದು ಗಾಳಿ ಹಾಕುತ್ತಿತ್ತು, ಪುಟ್ಟಿ ಮೇಲೆ ಕಾವಲು ತಿರುಗುತ್ತಿತ್ತು.

ಇಟ್ಟದ್ದು ಯಾವುದು ಎಂದು ಅವರು ಕೇಳಿದರು. ಪುಟ್ಟಿ ಎಂದಳು ಪ್ರೇಕ್ಷಾ. ಅದು ಗಂಡಲ್ಲವಾ, ಆವತ್ತು ಗಾಳಿ ಹಾಕುತ್ತಿದ್ದದ್ದು ಅದೇ ಅಲ್ಲವಾ ಎಂದರು ಕುಸುಮಕ್ಕ. ಹೌದು ಎಂದಳು ಹುಡುಗಿ. ರೊನಾಲ್ಡ್ ಅವರು ಹೇಳಿದ್ದನ್ನು ದೀಪಾವಳಿಯ ಆ ಗಲಾಟೆಯಲ್ಲಿ ಕುಸುಮಕ್ಕ ಕಿವಿಗೆ ಹಾಕಿಕೊಂಡಿರಲಿಲ್ಲ. ಅವರಿಗೆ ನಂಬಲಾಗಲಿಲ್ಲ.

"ಅದಕ್ಕೆ ಅಮ್ಮ ಆಗ್ಲಿಕ್ಕೆ ಯಾರು ಕಲಿಸಿದ್ದು?"

"ಯಾರೂ ಕಲಿಸ್ಲಿಲ್ಲ ಮಾಮಿ. ಮನೆಗೆ ಬೇಕಿತ್ತು. ಅದು ಆಯ್ತು."

ಹುಡುಗಿ ಏನನ್ನೂ ಮನಸ್ಸಿನಲ್ಲಿಟ್ಟು ಹೇಳಿದ್ದಲ್ಲ, ಮೀನಿನ ವಿಷಯ ಹೇಳಿದ್ದು. ಕುಸುಮಕ್ಕ ಬಹಳ ಹೊತ್ತು ಪುಟ್ಟಿಯನ್ನು ನೋಡಿದರು. ಆಮೇಲೆ ತಿರುಗಿ ತಮ್ಮನ ಬೆರಳುಗಳನ್ನು ನೋಡಿದರು. ಯಾದವಣ್ಣ ತಲೆ ಎತ್ತಲಿಲ್ಲ. ಜಡೆಯ ತುದಿಗೆ ರಿಬ್ಬನ್ ಕಟ್ಟಿ, ಅದರ ಎರಡು ಕುಣಿಕೆಗಳನ್ನೂ ಸರಿಮಾಡಿದರು. ಕುಸುಮಕ್ಕ ಮೂಗು ಒರೆಸಿಕೊಂಡು ಎದ್ದರು.

"ಸ್ವಲ್ಪ ಸಡಿಲ ಹಾಕು ಯಾದವ. ಮಗುವಿಗೆ ತಲೆನೋವು ಬರ್ತದೆ," ಎಂದರು. ತಮ್ಮ ಕೈಚೀಲ ಮಾತ್ರ ಎತ್ತಿಕೊಂಡರು. ಹೆಜಮಾಡಿಯ ಬಸ್ಸಿಗೆ ಒಬ್ಬರೇ ಹೋದರು.

ಯಾದವಣ್ಣ ಬಾಗಿಲ ಬಳಿಯ ಬ್ಯಾಗನ್ನು ತಂದು ತೊಟ್ಟಿಯ ಎದುರು ಬಿಚ್ಚಿದರು. ಮಗಳ ಅಂಗಿಗಳನ್ನು ಒಂದೊಂದೇ ತೆಗೆದು, ಮಡಿಕೆ ಬಿಚ್ಚದಂತೆ ಒಳಗೆ ಕಪಾಟಿಗೆ ಒಯ್ದರು. ಖಾಲಿ ಬ್ಯಾಗನ್ನು ಅಟ್ಟಕ್ಕೆ ಹಾಕಿದರು. ಆಮೇಲೆ ಅಡುಗೆಮನೆಗೆ ಹೋಗಿ ಇಬ್ಬರಿಗಾಗುವಷ್ಟು ಅಕ್ಕಿ ತೊಳೆದರು. ಆ ನೀರಿನ ಸದ್ದು ನನ್ನವರೆಗೂ ಕೇಳಿತು.